ಫೋನನ್ನು ಗರ್ಭಿಣಿಯ ಕೈಗೆ ಕೊಡಿ

ಕೇಳುಗರಿಗೆ ನಮಸ್ಕಾರ. ಗರ್ಭಿಣಿಯರಿಗೂ ನೆರವಾಗುವ ನಮ್ಮ ರಾಜ್ಯದ ದೂರವಾಣಿ ಸಂಖ್ಯೆಗಳಲ್ಲಿ ಎರಡನ್ನು ನೆನಪಿಟ್ಟರೆ ಸಾಕು. ಆಸ್ಪತ್ರೆಗೆ ಹೊರಡಲೇಬೇಕಾದಾಗ ಆಂಬುಲೆನ್ಸ್‌ಗೆ 108. ಹೊರಡಬೇಕೋ ಬೇಡವೋ ಎಂದು ತಿಳಿಯದಿದ್ದಾಗ ಆರೋಗ್ಯ ಸಹಾಯವಾಣಿ 104. ಯಾವ ಸಂಖ್ಯೆಗೆ ಕರೆ ಮಾಡಿದರೂ ನನ್ನ ಕೋರಿಕೆ ಒಂದೇ: ಫೋನನ್ನು ಗರ್ಭಿಣಿಯ ಕೈಗೆ ಕೊಡಿ.

ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದಾಗ, ಹಳ್ಳಿಯೊಂದರ ಆಶಾ ಕಾರ್ಯಕರ್ತೆ ಕರೆ ಮಾಡಿ, ಚೊಚ್ಚಲ ಬಸುರಿಯೊಬ್ಬಳ ಅತ್ತೆಗೆ ಫೋನು ಕೊಟ್ಟರು. "ಎಂಟು ತುಂಬೈತೆ ಡಾಕ್ಟ್ರಮ್ಮ, ಕಾಲು ಸ್ವಲ್ಪ ಊದೈತೆ, ನಮಗೂ ಹಿಂಗೇ ಊದ್ತಿತ್ತು" ಎಂದರು ಆಕೆ. ತಲೆನೋವು ಇದೆಯೇ ಎಂದೆ; ಇಲ್ಲವೆಂದರು. ಕಣ್ಣು ಮಂಜಾಗುತ್ತದೆಯೇ ಎಂದೆ, ಅದೂ ಇಲ್ಲ. ಸೊಸೆಗೆ ಕೊಡಿ ಎಂದು ಮೂರು ಸಲ ಕೇಳಿದ ಮೇಲೆ, "ಅವಳಿಗೇನು ಗೊತ್ತಾಯ್ತದೆ" ಎಂದು ಗೊಣಗುತ್ತಲೇ ಕೊಟ್ಟರು. ಮೊದಲು ಉಸಿರು ಮಾತ್ರ ಕೇಳಿಸಿತು, ಆಮೇಲೆ ಬಚ್ಚಲುಮನೆಯ ಬಾಗಿಲೆಳೆದ ಸದ್ದು. "ಮೊನ್ನೆಯಿಂದ ತಲೆ ಸಿಡೀತೈತೆ ಮೇಡಂ. ದೀಪ ಎರಡೆರಡು ಕಾಣ್ತವೆ. ಹೇಳಿದ್ರೆ ಮೈಗಳ್ಳಿ ಅಂತಾರೆ." ಕೂಡಲೇ 108 ಕಳುಹಿಸಿದೆವು. ರಕ್ತದೊತ್ತಡ 170ರ ಮೇಲಿತ್ತು. ಹಳ್ಳಿಯಲ್ಲಿ ನಂಜು ಎನ್ನುತ್ತಾರಲ್ಲ, ಅದೇ, ಇನ್ನೇನು ಫಿಟ್ಸ್ ಬರುವ ಹಂತ. ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಕೊಟ್ಟು ಜಿಲ್ಲಾಸ್ಪತ್ರೆಗೆ ಕಳುಹಿಸಿದೆವು. ತಾಯಿ, ಮಗು ಇಬ್ಬರೂ ಉಳಿದರು. ಅತ್ತೆ ಸುಳ್ಳು ಹೇಳಿರಲಿಲ್ಲ. ಸೊಸೆ ಅವರಿಗೆ ಹೇಳಿಯೇ ಇರಲಿಲ್ಲ.

ಈ ಕಥೆಯಲ್ಲೇ ಅರ್ಧ ಸಮಯ ಕಳೆದೆನೆಂದು ಸ್ಟುಡಿಯೋದ ಗಾಜಿನಾಚೆಯಿಂದ ಸನ್ನೆ ಬರುತ್ತಿದೆ. ಇರಲಿ. ನಾನು ನೋಡಿದ ತಾಯಿ ಕಾರ್ಡುಗಳಲ್ಲಿ ಬಹುಪಾಲು ಗಂಡನ ಸಂಖ್ಯೆಯೇ ಇರುತ್ತಿತ್ತು. ಇಲಾಖೆ ಎಷ್ಟೇ ಒಳ್ಳೆಯ ಸಲಹೆ ಕಳುಹಿಸಿದರೂ ಅದು ಆತನ ಜೇಬಿನಲ್ಲಿ ಗದ್ದೆಗೋ ಗ್ಯಾರೇಜಿಗೋ ಹೋಗುತ್ತದೆ. ಸಹಾಯವಾಣಿಯ ಸಿಬ್ಬಂದಿ ಕೇಳುವ ಪ್ರಶ್ನೆಗಳಲ್ಲಿ ಮೊಟ್ಟಮೊದಲನೆಯದು "ಗರ್ಭಿಣಿ ಹತ್ತಿರದಲ್ಲಿದ್ದಾರೆಯೇ, ಅವರಿಗೆ ಕೊಡುತ್ತೀರಾ?" ಎಂದಿರಬೇಕೆಂದು ಸರ್ಕಾರ ನಿಯಮ ಮಾಡಬೇಕು. ಅದಕ್ಕೆ ಹಣವೇನೂ ಬೇಕಾಗುವುದಿಲ್ಲ.

ಗರ್ಭ ಬೇಡವೆನ್ನುವ ಹೆಣ್ಣಿಗಂತೂ ಇದು ಇನ್ನೂ ಮುಖ್ಯ. 1971ರ ಗರ್ಭಪಾತ ಕಾಯ್ದೆಯ ಪ್ರಕಾರ ವಯಸ್ಕ ಹೆಣ್ಣಿನ ಸ್ವಂತ ಒಪ್ಪಿಗೆಯೇ ಸಾಕು, ಗಂಡನ ಸಹಿ ಬೇಕಿಲ್ಲ. 2021ರ ತಿದ್ದುಪಡಿಯಂತೆ ಆಕೆಯ ಗುಟ್ಟು ಬಯಲು ಮಾಡಿದ ವೈದ್ಯರಿಗೆ ಶಿಕ್ಷೆಯೂ ಉಂಟು. ಗಂಡ ಪಕ್ಕದಲ್ಲಿ ಸ್ಪೀಕರ್ ಹಾಕಿಕೊಂಡು ಕುಳಿತಿದ್ದರೆ ಆಕೆ ಏನನ್ನು ಕೇಳಿಯಾಳು?

ಹೆರಿಗೆಯ ನಂತರ ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಕಬ್ಬಿಣಾಂಶದ ಮಾತ್ರೆಯ ಬಗ್ಗೆ ಬಹಳ ಹೇಳಬೇಕೆಂದಿದ್ದೆ, ಟೀ ಜೊತೆ ನುಂಗಬೇಡಿ ಎಂದಷ್ಟೇ ಹೇಳುತ್ತೇನೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಸೊಸೆಯನ್ನು ಕರೆತನ್ನಿ, ಆಕೆ ವೈದ್ಯರೊಡನೆ ಮಾತನಾಡಿ ಮುಗಿಸುವವರೆಗೆ ದಯವಿಟ್ಟು ಹೊರಗಿನ ಬೆಂಚಿನ ಮೇಲೆ ಕುಳಿತಿರಿ. ನಮಸ್ಕಾರ.