ಊರ ಹೊರಗೆ ಚಪ್ಪರ ಹಾಕಬೇಡಿ

ಪ್ರೀತಿಯ ದೇವಜನರೇ, ಸಭಾಪಾಲಕರೇ,

ಬೇರೆ ಬೇರೆ ಸಭೆಗಳವರು ಇಂದು ಒಂದೇ ಕಡೆ ಕೂತಿದ್ದೀರಿ. ಮೊಣಕಾಲೂರಿ ಪ್ರಾರ್ಥಿಸುವವರಿದ್ದೀರಿ. ಕೈಯೆತ್ತಿ ಗಟ್ಟಿಯಾಗಿ ಪ್ರಾರ್ಥಿಸುವವರಿದ್ದೀರಿ. ಪುಸ್ತಕ ನೋಡಿ ಪ್ರಾರ್ಥಿಸುವವರೂ ಇದ್ದೀರಿ. ಕರ್ತನಿಗೆ ಮೂರೂ ಕೇಳಿಸುತ್ತದೆ, ಯಾರೂ ಚಿಂತೆ ಮಾಡಬೇಡಿ! ಇನ್ನು ಸ್ವಲ್ಪ ಹೊತ್ತಿಗೆ ನಾವೆಲ್ಲ ಸೇರಿ ಈ ಪಟ್ಟಣ ಗುಣವಾಗಲಿ ಎಂದು ಮೊರೆಯಿಡಲಿದ್ದೇವೆ. ಅದಕ್ಕೆ ಮುಂಚೆ ಒಂದು ಮಾತು ಹೇಳಲೇಬೇಕು. ಊರಿಗಾಗಿ ಪ್ರಾರ್ಥಿಸುವವರು ಮೊದಲು ಊರನ್ನು ನೋಡಬೇಕು. ಕಣ್ಣು ಮುಚ್ಚುವುದು ಆಮೇಲೆ.

ಪರ್ಷಿಯಾದ ಅರಮನೆಯಲ್ಲಿ ರಾಜನಿಗೆ ಪಾನ ಕೊಡುತ್ತಿದ್ದ ಯೆಹೂದ್ಯ ನೆಹೆಮೀಯನ ಕಥೆ ನಿಮಗೆ ಗೊತ್ತೇ ಇದೆ. 52 ದಿನಕ್ಕೆ ಯೆರೂಸಲೇಮಿನ ಗೋಡೆ ಎದ್ದಿತು ಅಂತ ನಾವು ಸಂತೋಷದಿಂದ ಹೇಳುತ್ತೇವೆ. ಅದಕ್ಕೂ ಮೊದಲು ಸುಮಾರು ನಾಲ್ಕು ತಿಂಗಳು ಕಳೆದವಲ್ಲ, ಅದನ್ನು ಮರೆಯುತ್ತೇವೆ. ಯೆಹೂದ್ಯರ ಕಿಸ್ಲೇವ್ ತಿಂಗಳಲ್ಲಿ, ಆ ಗೋಡೆ ಮುರಿದುಬಿದ್ದಿದೆ ಅಂತ ಸುದ್ದಿ ಬಂತು. ರಾಜನ ಮುಂದೆ ಬಾಯಿ ತೆರೆದದ್ದು ನೀಸಾನ್ ತಿಂಗಳಲ್ಲಿ. ಸುದ್ದಿ ಕೇಳಿ ಕೂತು ಅತ್ತ, ಉಪವಾಸ ಮಾಡಿದ, ಮೊರೆಯಿಟ್ಟ. ಆ ಸುದ್ದಿ ತಾನಾಗಿ ಬರಲಿಲ್ಲ. ಊರಿಂದ ಬಂದವರನ್ನು ಅವನೇ ಕೂರಿಸಿ ವಿಚಾರಿಸಿದ. ಯೆರೂಸಲೇಮಿಗೆ ಹೋದ ಮೇಲೂ ಭಾಷಣಕ್ಕೆ ನಿಲ್ಲಲಿಲ್ಲ. ರಾತ್ರಿ ಎದ್ದು, ಮುರಿದ ಗೋಡೆ, ಸುಟ್ಟ ಬಾಗಿಲು ಎಲ್ಲವನ್ನೂ ಸುತ್ತಿ ನೋಡಿದ. ಒಂದು ಕಡೆ ಅವನ ಸವಾರಿಯ ಪ್ರಾಣಿ ಮುಂದೆ ಹೋಗಲೂ ಜಾಗ ಇರಲಿಲ್ಲ. ಅಷ್ಟು ಹತ್ತಿರ ಹೋಗಿದ್ದ.

ಇನ್ನೊಂದು ವಿಷಯ ಗಮನಿಸಿ. ಅವನು ಅರಮನೆಯಲ್ಲಿ ಆರಾಮಾಗಿದ್ದವನು. ಆದರೂ ನಾನು, ನನ್ನ ತಂದೆಯ ಮನೆಯವರು ಪಾಪ ಮಾಡಿದ್ದೇವೆ ಎಂದು ಒಪ್ಪಿಕೊಂಡ. ನಮ್ಮ ವಿಜ್ಞಾಪನೆಗಳು ಹೇಗಿರುತ್ತವೆ? ಕುಡುಕರನ್ನು ಸರಿಮಾಡು, ಲಂಚಕೋರರನ್ನು ಸರಿಮಾಡು, ಹುಡುಗರನ್ನು ಸರಿಮಾಡು. ಊರಿನ ಕಾಯಿಲೆ ನಮಗೆ ತಾಗಿಯೇ ಇಲ್ಲ ಅನ್ನುವ ಹಾಗೆ! ಲಂಚ ಕೊಟ್ಟವರು ನಮ್ಮಲ್ಲಿ ಇಲ್ವಾ? ಒಂದೇ ಬೀದಿಯಲ್ಲಿದ್ದು ಪಕ್ಕದ ಸಭೆಯವರ ಜೊತೆ ಮಾತು ಬಿಟ್ಟವರು ಇಲ್ವಾ?

ಪ್ರವಾದಿ ಯೋನ ನಿನೆವೆ ಪಟ್ಟಣಕ್ಕೆ ಹೋದ, ಊರು ನಾಶವಾಗುತ್ತದೆ ಅಂತ ಸಾರಿದ, ಆಮೇಲೆ ಏನು ಮಾಡಿದ? ಊರ ಹೊರಗೆ, ಪೂರ್ವ ದಿಕ್ಕಿನಲ್ಲಿ ಚಪ್ಪರ ಹಾಕಿಕೊಂಡು, ಏನಾಗುತ್ತದೋ ನೋಡೋಣ ಅಂತ ಕೂತ. ಅವನಿಗೆ ನೆರಳಿನ ಗಿಡದ ಚಿಂತೆ. ದೇವರಿಗೆ ಒಳಗಿದ್ದ 1,20,000ಕ್ಕೂ ಜಾಸ್ತಿ ಜನರ ಚಿಂತೆ, ದನಕರುಗಳ ಚಿಂತೆ ಕೂಡ. ನಮ್ಮ ಪ್ರಾರ್ಥನಾ ಕೂಟ ಯೋನನ ಚಪ್ಪರ ಆಗಬಾರದು. ಯೇಸು ಯೆರೂಸಲೇಮನ್ನು ನೋಡಿ ಅತ್ತನು ಎಂದು ಲೂಕನು ಬರೆದಿದ್ದಾನೆ. ಅತ್ತು, ಅದೇ ಊರಿನೊಳಕ್ಕೆ ನಡೆದನು.

ಈಗ ನಾನು ಎಲ್ಲಿ ಹೋದರೂ ಹೇಳುವ ಘಟನೆ. ಕೇಳಿದವರು ಮತ್ತೊಮ್ಮೆ ಕೇಳಿ. ಕಮ್ಯುನಿಸ್ಟರ ಆಡಳಿತದಲ್ಲಿದ್ದ ಪೂರ್ವ ಜರ್ಮನಿಯ ಲೈಪ್‌ಜಿಗ್ ಪಟ್ಟಣ. ಅಲ್ಲಿನ ಸೇಂಟ್ ನಿಕೋಲಸ್ ಚರ್ಚಿನಲ್ಲಿ 1982ರಿಂದ ಪ್ರತಿ ಸೋಮವಾರ ಸಂಜೆ ಐದು ಗಂಟೆಗೆ ಶಾಂತಿಗಾಗಿ ಪ್ರಾರ್ಥನೆ. ಕೆಲವು ವಾರ ಬೆರಳೆಣಿಕೆಯ ಜನ. ಆದರೂ ನಿಲ್ಲಿಸಲಿಲ್ಲ. ಚರ್ಚು ಎಲ್ಲರಿಗೂ ತೆರೆದಿದೆ ಅಂತ ಹೊರಗೆ ಬೋರ್ಡು ಹಾಕಿದರು. ದೇಶ ಬಿಡಲು ಅನುಮತಿ ಸಿಗದವರು ಬಂದರು. ದೇವರನ್ನು ನಂಬದವರೂ ಬಂದರು. ಪಾದ್ರಿ ಕ್ರಿಸ್ಟಿಯಾನ್ ಫ್ಯೂರರ್ ಯಾರನ್ನೂ ವಾಪಸ್ ಕಳಿಸಲಿಲ್ಲ.

1989ರ ಅಕ್ಟೋಬರ್ 9. ಅದೂ ಸೋಮವಾರ. ಬದಲಾವಣೆ ಬೇಕು ಅಂತ ಜನ ಬೀದಿಗಿಳಿಯುತ್ತಿದ್ದ ಕಾಲ, ಇವತ್ತು ಗುಂಡು ಹಾರುತ್ತದೆ ಅಂತ ಊರೆಲ್ಲ ಭಯ. ಬೀದಿಯಲ್ಲಿ ಸಾವಿರಾರು ಪೊಲೀಸರು, ಸೈನಿಕರು. ಜಾಗ ತುಂಬಿಸಿಬಿಡಿ ಅಂತ ಆಡಳಿತ ಪಕ್ಷದ ನೂರಾರು ಮಂದಿಯನ್ನು ಮುಂಚೆಯೇ ಚರ್ಚಿನೊಳಗೆ ಕಳಿಸಿದ್ದರು. ಪಾದ್ರಿಗೆ ಅದೂ ಸಂತೋಷವೇ. ಬೇರೆ ದಿನ ಕರೆದರೂ ಬರದವರು ಬಂದು ಕೂತು ಸುವಾರ್ತೆ ಕೇಳಿದರು, ಅಲ್ವಾ! ಆ ಸಂಜೆ ಊರಿನ ಇನ್ನೂ ಮೂರು ಚರ್ಚುಗಳು ಪ್ರಾರ್ಥನೆಗೆ ಬಾಗಿಲು ತೆರೆದವು. ನನಗೆ ಈ ಮೂರು ಚರ್ಚುಗಳು ಬಹಳ ಮುಖ್ಯ. ಒಂದೇ ಸಭೆ ಹೊತ್ತಿದ್ದ ಭಾರಕ್ಕೆ ಉಳಿದವರು ಹೆಗಲು ಕೊಟ್ಟರು. ಪ್ರಾರ್ಥನೆ ಮುಗಿಸಿ ಹೊರಬಂದವರು ಬೀದಿಯ ಜನಕ್ಕೆ ಸೇರಿಕೊಂಡರು. ಸುಮಾರು 70,000 ಜನ. ಕೈಯಲ್ಲಿ ಮೇಣದ ಬತ್ತಿ. ಬತ್ತಿ ಹಿಡಿಯಲು ಒಂದು ಕೈ, ಗಾಳಿಗೆ ಆರದಂತೆ ಕಾಯಲು ಇನ್ನೊಂದು ಕೈ, ಕಲ್ಲು ಎತ್ತಲು ಕೈಯೇ ಉಳಿಯುವುದಿಲ್ಲ ಎಂದು ಫ್ಯೂರರ್ ಆಮೇಲೆ ಹೇಳುತ್ತಿದ್ದರು. ಒಂದು ಗುಂಡೂ ಹಾರಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ, ನವೆಂಬರ್ 9ರಂದು, ಬರ್ಲಿನ್ ಗೋಡೆ ತೆರೆಯಿತು.

ಪ್ರಾರ್ಥನೆಯೊಂದರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಸಂಗೀತ ನಿರ್ದೇಶಕ ಕುರ್ಟ್ ಮಾಸೂರ್ ಸೇರಿ ಆರು ಮಂದಿ ಆ ದಿನ ಶಾಂತಿಗೆ ಕರೆ ಕೊಟ್ಟಿದ್ದರು. ಅವರಲ್ಲಿ ಪಕ್ಷದವರೂ ಇದ್ದರು. ದೇವರು ಯಾರ ಕೈಯನ್ನು ಬೇಕಾದರೂ ಉಪಯೋಗಿಸುತ್ತಾನೆ. ಆದರೆ ಏಳು ವರ್ಷ ಊರಿನ ನಡುವೆ ಬಾಗಿಲು ತೆರೆದಿಟ್ಟು ಕೂತವರು ಇಲ್ಲದಿದ್ದರೆ, ಆ ಜನ ಅಂದು ಎಲ್ಲಿ ಸೇರುತ್ತಿದ್ದರು?

ಸಮಯ ಆಯಿತು ಅಂತ ಚೀಟಿ ಬಂದಿದೆ. ಬಾಬೆಲಿನ ಸೆರೆಯವರಿಗೆ ಯೆರೆಮೀಯ ಬರೆದ ಪತ್ರದ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ. ಒಂದೇ ಮಾತು: ತಮ್ಮನ್ನು ಸೆರೆ ಹಿಡಿದವರ ಪಟ್ಟಣಕ್ಕಾಗಿಯೇ ಪ್ರಾರ್ಥಿಸಲು ದೇವರು ಹೇಳಿದನು. ಊರು ನಮ್ಮವರದಾಗಲಿ ಎಂದಲ್ಲ, ಊರಿಗೆ ಕ್ಷೇಮವಾಗಲಿ ಎಂದು. ಮೂರನೇ ಶತಮಾನದಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜ್ ಪಟ್ಟಣಕ್ಕೆ ಸಾಂಕ್ರಾಮಿಕ ರೋಗ ಬಂದಾಗ ಬಿಷಪ್ ಸಿಪ್ರಿಯನ್, ಹಿಂಸಿಸಿದವರಿಗೂ ಒಳ್ಳೆಯದು ಮಾಡಿ ಎಂದು ಸಭೆಯವರನ್ನು ಕಳಿಸಿದರು. ಹಾಗಾಗಿ ಇಂದು ರೋಗಿಗಳಿಗಾಗಿ ಪ್ರಾರ್ಥಿಸುವವರು ನಾಳೆ ಆಸ್ಪತ್ರೆಗೂ ಹೋಗಿ. ವೈದ್ಯರು ಕೊಟ್ಟ ಔಷಧಿ ಬಿಡಿ ಅಂತ ಮಾತ್ರ ಯಾರಿಗೂ ಹೇಳಬೇಡಿ.

ಕೊನೆಗೆ ನ್ಯೂಯಾರ್ಕಿನ ಫುಲ್ಟನ್ ಬೀದಿಯ ಪ್ರಾರ್ಥನಾ ಕೂಟದಿಂದ ಒಂದು ಪಾಠ. 1857ರ ಸೆಪ್ಟೆಂಬರ್ 23ರ ಮಧ್ಯಾಹ್ನ ಅದನ್ನು ಶುರುಮಾಡಿದ ಜೆರೆಮಾಯಾ ಲ್ಯಾನ್‌ಫಿಯರ್ ಅರ್ಧ ಗಂಟೆ ಒಬ್ಬರೇ ಕಾದರು. ಆಮೇಲೆ ಬಂದವರು ಸೇರಿ ಆರು ಜನ. ಕೆಲವೇ ತಿಂಗಳಲ್ಲಿ ಸಾವಿರಾರು ಜನ ಸೇರುವಂತಾಯಿತು. ಅಲ್ಲಿ ಎರಡು ನಿಯಮ ಇದ್ದವು. ಒಬ್ಬರಿಗೆ ಐದೇ ನಿಮಿಷ. ಸಭೆ ಸಭೆಗಳ ನಡುವಿನ ವಾದದ ವಿಷಯ ಎತ್ತುವಂತಿಲ್ಲ. ಎರಡನ್ನೂ ಇವತ್ತು ಪಾಲಿಸೋಣ.

ಈಗ ನಾಲ್ಕು ನಾಲ್ಕು ಜನ ಸೇರಿ ಕೂರಿ. ನಿಮ್ಮ ಸಭೆಯವರ ಪಕ್ಕ ಬೇಡ, ಎದ್ದು ಜಾಗ ಬದಲಿಸಿ. ಈ ವಾರ ಊರಿನಲ್ಲಿ ಕಣ್ಣಾರೆ ಕಂಡ ಒಂದು ನೋವನ್ನು ಒಬ್ಬೊಬ್ಬರೂ ಹೇಳಿ. ಏನೂ ಕಾಣಲಿಲ್ಲ ಅನ್ನುವವರು ಉಳಿದವರದನ್ನು ಕೇಳಿಸಿಕೊಳ್ಳಿ. ಆಮೇಲೆ ಪ್ರಾರ್ಥನೆ ಶುರುಮಾಡಿ.