ಬಯಕೆ ಕುಂದಿದಾಗ ಮೊದಲು ಕೇಳಬೇಕಾದ ಪ್ರಶ್ನೆ

ಕೇಳುಗರಿಗೆ ನಮಸ್ಕಾರ.

ಲೈಂಗಿಕ ಬಯಕೆ ಕುಂದಿದೆ ಎನ್ನುವ ಮಾತು ವೈದ್ಯರ ಮುಂದೆ ಸಾಮಾನ್ಯವಾಗಿ ಹೊರಬೀಳುವುದು ಕಡೆಗೆ, ಬೇರೆಲ್ಲ ತೊಂದರೆ ಹೇಳಿ ಮುಗಿಸಿ ಎದ್ದು ಹೊರಡುವ ಹೊತ್ತಿಗೆ. ಅದನ್ನು ಮೊದಲೇ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ವಾರಕ್ಕೆ ಇಷ್ಟು ಸಲ ಇರಬೇಕೆಂಬ ಲೆಕ್ಕ ವೈದ್ಯಶಾಸ್ತ್ರದಲ್ಲಿಲ್ಲ. ಬಯಕೆ ಸುಮಾರು 6 ತಿಂಗಳಾದರೂ ಕುಂದಿದ್ದು, ಅದರಿಂದ ಆ ವ್ಯಕ್ತಿಗೇ ಸಂಕಟವಾಗುತ್ತಿದ್ದರೆ ಮಾತ್ರ ಅದು ತೊಂದರೆ. ಒಬ್ಬರಿಗೆ ಹೆಚ್ಚು ಬೇಕು, ಇನ್ನೊಬ್ಬರಿಗೆ ಕಡಿಮೆ ಸಾಕು ಎಂದರೆ ಅದು ಹೊಂದಾಣಿಕೆಯ ವಿಷಯ. ಕಡಿಮೆ ಸಾಕೆನ್ನುವವರನ್ನು ರೋಗಿ ಮಾಡಬಾರದು. ಜೀವನದುದ್ದಕ್ಕೂ ಲೈಂಗಿಕ ಆಕರ್ಷಣೆಯೇ ಇಲ್ಲದೆ ನೆಮ್ಮದಿಯಾಗಿರುವವರಿಗೂ ಚಿಕಿತ್ಸೆ ಬೇಕಿಲ್ಲ. ಇನ್ನು ಕೆಲವರಲ್ಲಿ ಬಯಕೆ ತಾನಾಗಿ ಮೂಡುವುದಿಲ್ಲ, ಆತ್ಮೀಯ ಸ್ಪರ್ಶ ಶುರುವಾದ ಮೇಲೆ ಮೂಡುತ್ತದೆ. ಹಲವು ವರ್ಷ ಜೊತೆಗಿದ್ದವರಲ್ಲಿ ಇದು ಬಹಳ ಸಾಮಾನ್ಯ, ಕೊರತೆಯಲ್ಲ.

ಹಾಗಾದರೆ ಕೇಳಬೇಕಾದ್ದು ಏನು? ಯಾವಾಗಿನಿಂದ, ಮತ್ತು ಎಲ್ಲೆಲ್ಲಿ. ಸಂಗಾತಿಯೊಂದಿಗೆ ಮನಸ್ಸಾಗುವುದಿಲ್ಲ, ಒಬ್ಬರೇ ಇದ್ದಾಗ ಅಥವಾ ಕಲ್ಪನೆಯಲ್ಲಿ ಬಯಕೆ ಇದೆ ಎಂದರೆ ಹಾರ್ಮೋನಿನ ಮೇಲೆ ಸಂಶಯ ಕಡಿಮೆ; ಸಂಬಂಧದೊಳಗಿನ ಮುನಿಸು, ಭಯ, ದಣಿವುಗಳ ಕಡೆ ನೋಡಬೇಕು. ಎಲ್ಲ ಕಡೆಯೂ ಒಟ್ಟಿಗೇ ಬತ್ತಿದೆ ಎಂದರೆ ದೇಹ, ಮಾತ್ರೆ, ಖಿನ್ನತೆ ಈ ಮೂರನ್ನು ತಡಕಬೇಕು.

ಮಾತ್ರೆಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಖಿನ್ನತೆಗೆ ಕೊಡುವ ಸರ್ಟ್ರಲೀನ್, ಪ್ಯಾರಾಕ್ಸೆಟೀನ್, ಎಸ್ಸಿಟಲೋಪ್ರಾಮ್ ಬಯಕೆಯನ್ನು ತಗ್ಗಿಸಬಲ್ಲವು. ಖಿನ್ನತೆಯೂ ಅದನ್ನೇ ಮಾಡುತ್ತದೆ. ಆದ್ದರಿಂದ ಕುಂದಿದ್ದು ಮಾತ್ರೆಗೆ ಮೊದಲೋ ಆಮೇಲೋ ಎಂಬುದನ್ನು ನೆನಪಿಸಿಕೊಳ್ಳಿ. ಮಾತ್ರೆಯೇ ಕಾರಣ ಅನ್ನಿಸಿದರೂ ಥಟ್ಟನೆ ನಿಲ್ಲಿಸಬೇಡಿ. ತಲೆಸುತ್ತು, ತಳಮಳ ಶುರುವಾಗಬಹುದು, ಖಿನ್ನತೆ ಮರುಕಳಿಸಬಹುದು. ವೈದ್ಯರು ಪ್ರಮಾಣ ಇಳಿಸಬಹುದು, ಇಲ್ಲವೇ ಬ್ಯುಪ್ರೊಪಿಯಾನ್‌ನಂಥ ಬೇರೆ ಔಷಧಿಗೆ ಬದಲಿಸಬಹುದು. ಸ್ಕಿಜೋಫ್ರೇನಿಯಾದಂಥ ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್, ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸಿ ಬಯಕೆಯನ್ನು ಕೆಳಗಿಳಿಸುತ್ತದೆ. ಬಹುಕಾಲ ತೆಗೆದುಕೊಂಡ ಓಪಿಯಾಯ್ಡ್ (ಮಾರ್ಫಿನ್‌ನಂಥ) ನೋವುನಿವಾರಕ, ಬಯಕೆಗೆ ಬೇಕಾದ ಟೆಸ್ಟೋಸ್ಟೆರಾನ್ ಹಾರ್ಮೋನನ್ನು ತಗ್ಗಿಸುತ್ತದೆ. ಮದ್ಯದ ಬಗ್ಗೆ ಬೇರೆ ಹೇಳಬೇಕೇ?

ಮಹಿಳೆಯರಲ್ಲಿ ಎಷ್ಟೋ ಸಲ ಬಯಕೆ ಹೋದದ್ದಲ್ಲ, ನೋವು ಅದನ್ನು ಓಡಿಸಿದ್ದು. ಹಾಲೂಡಿಸುವಾಗಲೂ ಮುಟ್ಟು ನಿಂತ ಮೇಲೂ ಈಸ್ಟ್ರೋಜೆನ್ ಹಾರ್ಮೋನ್ ಇಳಿದು ಯೋನಿ ಒಣಗುತ್ತದೆ, ಮಿಲನದಲ್ಲಿ ಉರಿಯಾಗುತ್ತದೆ. ಮುಂದಿನ ಸಲ ಮನಸ್ಸು ಮೊದಲೇ ಹಿಂದೆ ಸರಿಯುತ್ತದೆ. ನೀರಿನಂಶದ ಜಾರುದ್ರವ ಬಳಸಬಹುದು. ಎಣ್ಣೆ ಬೇಡ, ಅದು ಲ್ಯಾಟೆಕ್ಸ್ ಕಾಂಡೋಮನ್ನು ಹಾಳುಮಾಡುತ್ತದೆ. ಮುಟ್ಟು ನಿಂತ ಮೇಲಿನ ಒಣಗುವಿಕೆಗೆ ಯೋನಿಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮ್ ಇದೆ, ಅದು ವೈದ್ಯರ ಸಲಹೆಯ ಮೇಲೆ.

ಪುರುಷರು ನಿಮಿರುವಿಕೆಯ ತೊಂದರೆಯನ್ನೇ ಬಯಕೆಯ ಕೊರತೆ ಎಂದುಕೊಳ್ಳುವುದುಂಟು. ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಮಾತ್ರೆ ರಕ್ತದ ಹರಿವನ್ನು ಹೆಚ್ಚಿಸುತ್ತದೆ, ಬಯಕೆಯನ್ನಲ್ಲ. ಟೆಸ್ಟೋಸ್ಟೆರಾನ್ ಪರೀಕ್ಷೆಗೆ ರಕ್ತ ಕೊಡಬೇಕಾದ್ದು ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ. ಒಂದೇ ವರದಿ ನೋಡಿ ಇಂಜೆಕ್ಷನ್ ಶುರು ಮಾಡುವುದು ತಪ್ಪು. ಹೊರಗಿನಿಂದ ಕೊಟ್ಟ ಟೆಸ್ಟೋಸ್ಟೆರಾನ್ ವೀರ್ಯಾಣು ಉತ್ಪಾದನೆಯನ್ನು ಅಡಗಿಸುತ್ತದೆ, ಮಕ್ಕಳು ಬೇಕೆನ್ನುವವರಿಗೆ ಅದು ಹೊಸ ತೊಂದರೆ. ಥೈರಾಯ್ಡ್, ಸಕ್ಕರೆ, ಪ್ರೊಲ್ಯಾಕ್ಟಿನ್‌ಗಳನ್ನೂ ನೋಡಿಸುವುದು ಒಳ್ಳೆಯದು. ಬಯಕೆ ಕುಂದಿರುವ ಜೊತೆಗೆ ತಲೆನೋವು, ಪಕ್ಕದ ನೋಟ ಮಸುಕಾಗುವುದು, ಹಾಲೂಡಿಸದಿದ್ದರೂ ಮೊಲೆಯಿಂದ ಹಾಲು ಬರುವುದು ಕಂಡರೆ ತಡಮಾಡಬೇಡಿ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಇರಬಹುದು.

ಒತ್ತಡವೇ ಮೂಲವಾದಾಗ ಚಿಕಿತ್ಸಕರು ಜೋಡಿಗೆ ಮೊದಲು ಹೇಳುವುದು ಕೆಲವು ವಾರ ಮಿಲನ ಬೇಡ ಎಂದು. ಸರದಿಯ ಮೇಲೆ ಒಬ್ಬರು ಮುಟ್ಟುವುದು, ಇನ್ನೊಬ್ಬರು ಸುಮ್ಮನೆ ಅನುಭವಿಸುವುದು. ಮೊದಲು ಸ್ತನ, ಜನನಾಂಗ ಬಿಟ್ಟು, ನಂತರ ನಿಧಾನವಾಗಿ ಸೇರಿಸಿಕೊಂಡು. ಇದು ಸೋಲುವ ಒಂದು ಬಗೆ ಹೀಗೆ: ಎರಡನೇ ದಿನವೇ ಕರಾರು ಮುರಿದು, ಮತ್ತೆ ಪರೀಕ್ಷೆಯ ಭಯ ಹತ್ತಿಕೊಳ್ಳುತ್ತದೆ.

ವೈದ್ಯರ ಬಳಿ ಹೋಗುವಾಗ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ, ಪ್ರತಿಯೊಂದನ್ನು ಶುರುಮಾಡಿದ ತಿಂಗಳನ್ನೂ ಬರೆದುಕೊಂಡು ಒಯ್ಯಿರಿ. ನಿದ್ದೆ, ಗೊರಕೆಯ ಬಗ್ಗೆ ಕೇಳಿದರೆ ಆಶ್ಚರ್ಯಪಡಬೇಡಿ. ಅದೂ ಇದಕ್ಕೇ ಸೇರಿದ್ದು. ನಮಸ್ಕಾರ.