ಹಳೆಯ ನಗರಕ್ಕೆ ಟ್ರಾಮ್: ‘ಬೇಡ’ ಎನ್ನುವ ಕಾರಣವನ್ನು ಮೊದಲು ಹುಡುಕಿ

ಎಲ್ಲರಿಗೂ ನಮಸ್ಕಾರ.

ಹಳೆಯ ನಗರಗಳಲ್ಲಿ ಟ್ರಾಮಿನ ಮಾತು ಶುರುವಾಗುವುದು ಹೆಚ್ಚಾಗಿ ಒಂದು ಕಪ್ಪುಬಿಳುಪು ಫೋಟೊದಿಂದ. ಗಡಿಯಾರ ಗೋಪುರ, ಅದರ ಮುಂದೆ ಪುಟ್ಟ ಟ್ರಾಮ್, ಮೆಟ್ಟಿಲ ಮೇಲೆ ನೇತಾಡುವ ಜನ. “ಆಗ ಓಡ್ತಿತ್ತಲ್ಲ, ಈಗ ಯಾಕಾಗಲ್ಲ?” ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಆ ಫೋಟೊದಲ್ಲಿರುವ ಗಾಡಿ 8–9 ಮೀಟರ್ ಉದ್ದದ್ದು, ಎರಡೇ ಅಚ್ಚಿನದು, ಅಗಲ ಎರಡು ಮೀಟರ್ ಚಿಲ್ಲರೆ. ಇಕ್ಕಟ್ಟಾದ ಮೂಲೆಯಲ್ಲೂ ಕಿರುಗುಟ್ಟುತ್ತಾ ತಿರುಗಿಬಿಡುತ್ತಿತ್ತು. ಇವತ್ತು ಕೊಳ್ಳಲು ಸಿಗುವ ಟ್ರಾಮ್ 30ರಿಂದ 45 ಮೀಟರ್ ಉದ್ದ, 2.4 ಅಥವಾ 2.65 ಮೀಟರ್ ಅಗಲ. ತಿರುವಿಗೆ ಕನಿಷ್ಠ 25 ಮೀಟರ್ ತ್ರಿಜ್ಯ ಕೇಳುತ್ತದೆ, ಹೇಳಿ ಮಾಡಿಸಿದರೆ 20ಕ್ಕೆ ಒಪ್ಪುತ್ತದೆ. ಡಾಂಬರಿನಡಿ ಉಳಿದಿರುವ ಹಳೆಯ ಹಳಿಗಳೂ ಇದಕ್ಕೆ ಬರುವುದಿಲ್ಲ. ಹಾಗಾಗಿ ‘ಮರಳಿ ತರುವುದು’ ಎಂಬ ಪದವನ್ನು ಇಲ್ಲೇ ಬದಿಗಿಡೋಣ. ತರುವುದಾದರೆ ಹೊಸದನ್ನೇ ತರಬೇಕು.

ಮೌಲ್ಯಮಾಪನವೆಂದರೆ ‘ಬೇಡ’ ಎನ್ನಲು ಕಾರಣವನ್ನು ಆದಷ್ಟು ಬೇಗ, ಆದಷ್ಟು ಕಡಿಮೆ ಖರ್ಚಿನಲ್ಲಿ ಹುಡುಕುವ ಕೆಲಸ. ಹುಡುಕಿಯೂ ಸಿಗದಿದ್ದರೆ ಯೋಜನೆ ಗಟ್ಟಿ. ಬಹಳಷ್ಟು ಕಡೆ ನಡೆಯುವುದು ತಿರುಗುಮುರುಗು. ಮೊದಲು ಗಾಡಿಯ ಬಣ್ಣ, ಆಮೇಲೆ ಮಾರ್ಗ, ಆಮೇಲೆ ಹಣ, ಕೊನೆಗೆ ಅಗೆತ. ಅಗೆದಾಗ ಸಿಕ್ಕಿದ್ದನ್ನು ನೋಡಿ ಹಣದ ಲೆಕ್ಕ ಮತ್ತೆ ಮೊದಲಿನಿಂದ.

ಮೊದಲ ಪರೀಕ್ಷೆಗೆ ಒಂದು ನೋಟ್‌ಬುಕ್ಕು ಸಾಕು: ಜನರ ಎಣಿಕೆ. ದಿನದ ಸರಾಸರಿ ಇಲ್ಲಿ ಉಪಯೋಗಕ್ಕೆ ಬಾರದು. ಅತಿ ಹೆಚ್ಚು ದಟ್ಟಣೆಯ ಗಂಟೆಯಲ್ಲಿ, ಒಂದೇ ದಿಕ್ಕಿನಲ್ಲಿ, ಮಾರ್ಗದ ಅತಿ ತುಂಬಿದ ಜಾಗದಲ್ಲಿ ಎಷ್ಟು ಜನ ದಾಟುತ್ತಾರೆ ಎಂಬುದು ಬೇಕು. ನಡುವೆ ಬಾಗುವ 18 ಮೀಟರಿನ ಜೋಡಣೆ ಬಸ್ಸಿನಲ್ಲಿ ಸುಮಾರು 100 ಜನ ಹಿಡಿಯುತ್ತಾರೆ. ಮೂರು ನಿಮಿಷಕ್ಕೊಂದು ಬಿಟ್ಟರೆ ಗಂಟೆಗೆ 2,000. ಅದಕ್ಕಿಂತ ಹೆಚ್ಚು ಬಸ್ಸು ಬಿಟ್ಟರೆ ಅವು ನಿಲ್ದಾಣದಲ್ಲಿ ಒಂದರ ಬೆನ್ನಿಗೊಂದು ಅಂಟಿಕೊಂಡು ನಿಲ್ಲತೊಡಗುತ್ತವೆ. ಟ್ರಾಮಿನ ಕೆಲಸ ಶುರುವಾಗುವುದು ಅಲ್ಲಿಂದ. 30 ಮೀಟರಿನ ಟ್ರಾಮ್ 200 ಜನರನ್ನು ಒಯ್ಯುತ್ತದೆ. ಆರು ನಿಮಿಷಕ್ಕೊಂದು ಬಿಟ್ಟರೆ 2,000, ಮೂರು ನಿಮಿಷಕ್ಕಾದರೆ 4,000. ಎಣಿಕೆ 1,500 ದಾಟದಿದ್ದರೆ ಒಳ್ಳೆಯ ಬಸ್ ಪಥ ಮಾಡಿ ಸುಮ್ಮನಾಗುವುದು ಮೇಲು.

ಪ್ರವಾಸಿಗರನ್ನು ಲೆಕ್ಕಕ್ಕೆ ಸೇರಿಸುವಾಗ ಕೈ ಬಿಗಿ ಹಿಡಿಯಿರಿ. ಅವರು ತಿರುಗಾಡುವುದು ಒಂದೆರಡು ಕಿಲೋಮೀಟರ್ ಒಳಗೆ, ಅದೂ ನಡೆದುಕೊಂಡು. ಟ್ರಾಮನ್ನು ವರ್ಷಪೂರ್ತಿ ತುಂಬಿಸುವವರು ಆಸ್ಪತ್ರೆ, ವಿಶ್ವವಿದ್ಯಾಲಯ, ರೈಲು ನಿಲ್ದಾಣ, ಹೊರ ಬಡಾವಣೆಗಳಿಗೆ ಓಡಾಡುವ ಜನ. ಅಂದರೆ ಹಳೆಯ ಪಟ್ಟಣ ಮಾರ್ಗದ ನಡುವೆ ಬರಬೇಕು, ತುದಿಯಲ್ಲಿ ಅಲ್ಲ. ಕೋಟೆಯೊಳಗೆ ಮಾತ್ರ ಸುತ್ತುಹಾಕುವ ಟ್ರಾಮ್ ನೋಡಲು ಚೆಂದ, ಆದರೆ ಅದು ಜಾತ್ರೆಯ ತೊಟ್ಟಿಲಿನ ಜಾತಿಗೆ ಸೇರಿದ್ದು.

ಎರಡನೆಯದು ಅಗಲ. ಮಾರ್ಗದ ಅತಿ ಇಕ್ಕಟ್ಟಿನ ಜಾಗಕ್ಕೆ ಟೇಪ್ ಹಿಡಿದು ಹೋಗಿ. ಜೋಡಿ ಹಳಿಗೆ ಸುಮಾರು 6.5 ಮೀಟರ್ ಬೇಕು. ನಿಲ್ದಾಣವಿದ್ದರೆ ಎರಡೂ ಕಡೆ ಪ್ಲಾಟ್‌ಫಾರ್ಮಿಗೆ ತಲಾ 3 ಮೀಟರ್. ತಿರುವಿನಲ್ಲಿ ಇನ್ನೊಂದು ಸಂಗತಿ ಇದೆ: ಗಾಡಿಯ ನಡು ಒಳಬದಿಗೆ ವಾಲುತ್ತದೆ. ಎಷ್ಟು ಎಂದು ತಿಳಿಯಲು ಗಾಡಿಯನ್ನು ಹೊತ್ತ ಚಕ್ರಗುಂಪುಗಳ ನಡುವಿನ ದೂರದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ. ದೂರ 10 ಮೀಟರ್, ತ್ರಿಜ್ಯ 25 ಆದರೆ 100ನ್ನು 200ರಿಂದ ಭಾಗಿಸಿದಂತೆ, ಅರ್ಧ ಮೀಟರ್. ಗಾಡಿಯ ಮೂತಿ ಹೊರಬದಿಗೆ ಚಾಚುವುದು ಬೇರೆ. ಹಳೆಯ ಮೂಲೆಮನೆಯ ಜಗಲಿ, ಮುಂಚಾಚಿದ ಬಾಲ್ಕನಿ, ಫುಟ್‌ಪಾತಿನ ಕೊನೆಯ ಒಂದಡಿ ಎಲ್ಲ ಹೋಗುವುದು ಈ ಅರ್ಧ ಮೀಟರಿನಲ್ಲೇ.

ಜಾಗ ಸಾಲದಿದ್ದರೆ ದಾರಿಯೇ ಇಲ್ಲವೆಂದಲ್ಲ. ಆಮ್‌ಸ್ಟರ್‌ಡ್ಯಾಮಿನ ಲೈಡ್ಸೆಸ್ಟ್ರಾಟ್ ಎಂಬ ಕಿರಿದಾದ ಅಂಗಡಿಬೀದಿಯಲ್ಲಿ ಟ್ರಾಮುಗಳು ಒಂದೇ ಗಾಡಿಗೆ ಜಾಗವಿರುವಂತೆ ಒಂದರೊಳಗೊಂದು ಹೆಣೆದ ಜೋಡಿ ಹಳಿಯಲ್ಲಿ ಸರದಿಯಂತೆ ಹೋಗುತ್ತವೆ, ಕಾಲುವೆಯ ಸೇತುವೆಗಳ ಮೇಲೆ ಎದುರುಬದುರಾಗಿ ದಾಟುತ್ತವೆ. ಆದರೆ ಇದಕ್ಕೊಂದು ಮಿತಿ ಉಂಟು. ಇಂಥ ಹೆಣೆದ ತುಂಡು 250 ಮೀಟರ್ ಇದ್ದು ವೇಗ ಗಂಟೆಗೆ 12 ಕಿ.ಮೀ. ಆದರೆ ದಾಟಲು 75 ಸೆಕೆಂಡ್, ಸಿಗ್ನಲ್ ತೆರವಿಗೆ ಇನ್ನೊಂದು 20. ಎರಡು ದಿಕ್ಕಿಗೂ ಸೇರಿ 190 ಸೆಕೆಂಡ್. ಕಾಗದದ ಮೇಲೆ ಗಂಟೆಗೆ 18 ಜೋಡಿ. ಒಂದು ಟ್ರಾಮ್ ತಡವಾದರೆ ಎದುರಿನದ್ದೂ ತಡವಾಗುವುದರಿಂದ ಅದರ ಅರ್ಧವನ್ನಷ್ಟೇ ನಂಬಬಹುದು. ಇನ್ನೊಂದು ದಾರಿ ಬಳಸಿ ಹೋಗುವುದು. ಇಟಲಿಯ ಫ್ಲಾರೆನ್ಸ್ ಕೊನೆಗೆ ಆಯ್ದುಕೊಂಡದ್ದು ಅದನ್ನೇ. ಕ್ಯಾಥೆಡ್ರಲ್ ಪಕ್ಕದಲ್ಲೇ ಹಾಯಬೇಕಿದ್ದ ಮಾರ್ಗವನ್ನು ಬಿಟ್ಟು, 2009ರಲ್ಲಿ ಆ ಚೌಕವನ್ನು ನಡೆಯುವವರಿಗೇ ಬಿಟ್ಟುಕೊಟ್ಟಿತು. ಟ್ರಾಮ್ ಯೋಜನೆಯೊಂದರ ಒಳ್ಳೆಯ ತೀರ್ಮಾನ ಟ್ರಾಮಿಲ್ಲದ ಚೌಕವೂ ಆಗಿರಬಹುದು.

ಈಗ ನೆಲದ ಕೆಳಗೆ ಬರೋಣ. ಯೋಜನೆಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹಳಿ ಕೂರುವುದು ಕಾಂಕ್ರೀಟ್ ಸ್ಲ್ಯಾಬಿನ ಮೇಲೆ. ಹಳಿ, ಸ್ಲ್ಯಾಬ್, ಅಡಿಪದರ ಎಲ್ಲ ಸೇರಿ ಅರ್ಧದಿಂದ ಮುಕ್ಕಾಲು ಮೀಟರ್ ಆಳ. ಅದರ ಕೆಳಗೆ ನೀರಿನ ಕೊಳವೆ, ಗ್ಯಾಸ್, ಒಳಚರಂಡಿ, ವಿದ್ಯುತ್ ಮತ್ತು ಟೆಲಿಫೋನ್ ಕೇಬಲ್. ಅವು ಮುಟ್ಟದಷ್ಟು ಆಳದಲ್ಲಿದ್ದರೂ ಬದಿಗೆ ಸರಿಸಬೇಕಾಗುತ್ತದೆ, ಏಕೆಂದರೆ ನಾಳೆ ಕೊಳವೆ ಒಡೆದರೆ ಅಗೆಯಲು ಟ್ರಾಮ್ ನಿಲ್ಲಿಸಬೇಕು.

ನಕ್ಷೆ ನಂಬಬೇಡಿ. ಹಳೆಯ ಬೀದಿಯಲ್ಲಿ ನಕ್ಷೆಗೂ ಕೊಳವೆಗೂ ಒಂದು ಮೀಟರ್ ವ್ಯತ್ಯಾಸವಿರುವುದು ಮಾಮೂಲು. ಸತ್ತ ಕೊಳವೆಗಳಂತೂ ನಕ್ಷೆಯಲ್ಲೇ ಇರುವುದಿಲ್ಲ. ರಾಡಾರ್ ಯಂತ್ರ ಎಳೆದುಕೊಂಡು ಹೋಗುವುದು ಒಳ್ಳೆಯದೇ, ಆದರೆ ಒದ್ದೆ ಜೇಡಿಮಣ್ಣಿನಲ್ಲಿ ಅದರ ಕಣ್ಣು ಕುರುಡು. ಪ್ರತಿ ಜಂಕ್ಷನ್ನಿನಲ್ಲಿ, ನಡುವೆ 50ರಿಂದ 100 ಮೀಟರಿಗೊಂದು, ಬೀದಿಗೆ ಅಡ್ಡಲಾಗಿ ಪರೀಕ್ಷಾ ಗುಂಡಿ ತೋಡಿಸಿ, ಸಿಕ್ಕಿದ ಪ್ರತಿಯೊಂದರ ಆಳ, ವ್ಯಾಸ, ಲೋಹ, ಸ್ಥಿತಿ ಬರೆಸಿ. ಟೆಂಡರ್ ಕರೆಯುವ ಮೊದಲೇ ಈ ಕೆಲಸ ಮುಗಿದಿರಬೇಕು. ಇದಕ್ಕೆ ಹಣ ಕೇಳಿದಾಗ ಮುಖ ಗಂಟಿಕ್ಕುವವರು ಇದ್ದೇ ಇರುತ್ತಾರೆ. ಗುಂಡಿಯ ಮುಂದೆ ನಿಂತು ಯಾರೂ ರಿಬ್ಬನ್ ಕತ್ತರಿಸುವುದಿಲ್ಲ ನೋಡಿ.

ಸ್ಕಾಟ್‌ಲೆಂಡಿನ ಎಡಿನ್‌ಬರೊ ನೆನಪಿಸಿಕೊಳ್ಳಿ. 2014ರ ಮೇ 31ರಂದು ಟ್ರಾಮ್ ಓಡಿದಾಗ ಸುಮಾರು ಮೂರು ವರ್ಷ ತಡವಾಗಿತ್ತು, ಖರ್ಚು 77.6 ಕೋಟಿ ಪೌಂಡ್ ಮುಟ್ಟಿತ್ತು. ಬಂದರಿನ ಕಡೆಯ ತುದಿಯನ್ನು ಕೈಬಿಟ್ಟು ಉಳಿದ ಉದ್ದ 14 ಕಿ.ಮೀ. ಅಂದರೆ ಕಿಲೋಮೀಟರಿಗೆ ಸುಮಾರು 5.5 ಕೋಟಿ ಪೌಂಡ್. ಕೊಳವೆ ಸ್ಥಳಾಂತರ ಹನುಮಂತನ ಬಾಲವಾಯಿತು, ಗುತ್ತಿಗೆಯ ಜಗಳ ಅದರ ಜೊತೆ ಸೇರಿಕೊಂಡಿತು. ಹಳೆಯ ಸ್ಮಶಾನದ ನೂರಾರು ಅಸ್ಥಿಪಂಜರಗಳು ಬೀದಿಯಡಿ ಸಿಕ್ಕವು. ಅಲ್ಲಿನ ಮುಖ್ಯ ಬೀದಿಯಾದ ಪ್ರಿನ್ಸಸ್ ಸ್ಟ್ರೀಟಿನಲ್ಲಿ ಹಾಸಿದ ಹಳಿಯ ಪಕ್ಕದ ರಸ್ತೆ ಟ್ರಾಮ್ ಬರುವ ಮೊದಲೇ ಕಿತ್ತುಹೋಗಿ, 2011ರಲ್ಲಿ ಮತ್ತೆ ಮಾಡಬೇಕಾಯಿತು. ಉಕ್ಕಿನ ಹಳಿಯೂ ಡಾಂಬರೂ ಒಂದಕ್ಕೊಂದು ತಾಗುವ ಅಂಚಿನ ಮೇಲೆ ಬಸ್ಸಿನ ಚಕ್ರ ಹತ್ತಿಳಿಯುತ್ತಿದ್ದರೆ ಅಲ್ಲಿಂದಲೇ ಬಿರುಕು, ಬಿರುಕಿನಿಂದ ನೀರು, ನೀರಿನಿಂದ ಗುಂಡಿ. ಕೊಳವೆ ಸರಿಸುವ ಖರ್ಚು ಯಾರ ತಲೆಯ ಮೇಲೆ ಎಂಬುದೂ ಮೊದಲೇ ತಿಳಿದಿರಬೇಕು. ಫ್ರಾನ್ಸಿನಲ್ಲಿ ಸಾರ್ವಜನಿಕ ಬೀದಿಯಡಿ ಕೊಳವೆ ಇಟ್ಟವರೇ ಬಹುಮಟ್ಟಿಗೆ ಸರಿಸಬೇಕು. ಬ್ರಿಟನ್ನಿನಲ್ಲಿ ಕೊಳವೆಯ ಒಡೆಯರು ಕೊಡುವುದು ಸಣ್ಣ ಪಾಲು, ಉಳಿದದ್ದು ಟ್ರಾಮ್ ಯೋಜನೆಯದ್ದು. ಅದೇ ಬೀದಿ, ಅದೇ ಕೊಳವೆ, ಲೆಕ್ಕ ಮಾತ್ರ ಬೇರೆ.

ಹಳೆಯ ನಗರದಲ್ಲಿ ಕೊಳವೆಗಿಂತ ಕೆಳಗೂ ಇನ್ನೊಂದು ಊರು ಇರುತ್ತದೆ. ಇಂಗ್ಲೆಂಡಿನ ಬಾತ್ ನಗರದ 18ನೇ ಶತಮಾನದ ಮನೆಗಳ ನೆಲಮಾಳಿಗೆಗಳು ಫುಟ್‌ಪಾತ್ ದಾಟಿ ರಸ್ತೆಯಡಿಗೂ ಚಾಚಿವೆ. ಅಲ್ಲಿ 1904ರಿಂದ 1939ರ ತನಕ ವಿದ್ಯುತ್ ಟ್ರಾಮ್ ಓಡಿದ್ದು ನಿಜ, ಆದರೆ ಅದು ಫೋಟೊದ ಕಾಲದ ಹಗುರ ಗಾಡಿ. ಈಗಿನ ಲೆಕ್ಕ ನೋಡಿ: 2.4 ಮೀಟರ್ ಅಗಲ, 35 ಸೆಂ.ಮೀ. ದಪ್ಪದ ಸ್ಲ್ಯಾಬ್ ಒಂದು ಮೀಟರ್ ಉದ್ದಕ್ಕೆ 2.1 ಟನ್ ತೂಗುತ್ತದೆ, ಜೋಡಿ ಹಳಿಗೆ ನಾಲ್ಕು ಟನ್ ಮೀರಿ. ಟ್ರಾಮಿನ ಅಚ್ಚಿನ ಭಾರ ಲಾರಿಯಷ್ಟೇ, 10–12 ಟನ್. ಹಾಗಾಗಿ ಹಳೆಯ ಕಲ್ಲುಕಮಾನಿನ ಸೇತುವೆಗೆ ತೊಂದರೆ ಹಾದುಹೋಗುವ ಗಾಡಿಗಿಂತ ಅಲ್ಲೇ ಕೂತಿರುವ ಸ್ಲ್ಯಾಬಿನಿಂದ. ಇನ್ನು ಪುರಾತನ ಅವಶೇಷ ಸಿಕ್ಕರೆ ಕೆಲಸ ನಿಲ್ಲುತ್ತದೆ. ‘ಸಿಕ್ಕರೆ’ ಎನ್ನುವ ಬದಲು ‘ಸಿಗುತ್ತದೆ’ ಎಂದೇ ವೇಳಾಪಟ್ಟಿಯಲ್ಲಿ ಜಾಗವಿಡಿ. ಫ್ರಾನ್ಸಿನ ನೀಸ್ ನಗರದ ಗ್ಯಾರಿಬಾಲ್ಡಿ ಚೌಕದಲ್ಲಿ ಟ್ರಾಮ್ ಕೆಲಸದ ವೇಳೆ ಹಳೆಯ ಕೋಟೆಯ ಭಾಗಗಳು ಹೊರಬಂದವು. ಅವನ್ನು ನೆಲದಡಿಯಲ್ಲೇ ಉಳಿಸಿ, ಮುಂದೆ ಜನರ ವೀಕ್ಷಣೆಗೆ ತೆರೆದರು.

ಮಳೆನೀರಿನಷ್ಟೇ ಸದ್ದಿಲ್ಲದೆ ಹಾಳುಮಾಡುವ ಇನ್ನೊಂದು ವಸ್ತು ಸೋರುವ ವಿದ್ಯುತ್. ಟ್ರಾಮಿಗೆ 750 ವೋಲ್ಟ್ ನೇರ ವಿದ್ಯುತ್ ತಂತಿಯಿಂದ ಬಂದು ಹಳಿಯ ಮೂಲಕ ಸಬ್‌ಸ್ಟೇಷನ್ನಿಗೆ ಮರಳುತ್ತದೆ. ಹಳಿಯ ನಿರೋಧಕ ಕೆಟ್ಟರೆ ಒಂದಷ್ಟು ಮಣ್ಣಿಗಿಳಿದು ಪಕ್ಕದ ಕಬ್ಬಿಣದ ಕೊಳವೆ ಹಿಡಿದು ಹೋಗುತ್ತದೆ, ಕೊಳವೆ ಬಿಟ್ಟು ಹೊರಡುವ ಜಾಗದಲ್ಲಿ ಲೋಹ ತಿನ್ನುತ್ತದೆ. ಒಂದೇ ಆಂಪಿಯರ್ ಒಂದು ವರ್ಷ ಸೋರಿದರೆ ಸುಮಾರು 9 ಕೆ.ಜಿ. ಕಬ್ಬಿಣ ಕರಗುತ್ತದೆ. ಮದ್ದು ಗೊತ್ತಿರುವುದೇ: ಹಳಿಗೆ ಪೂರ್ತಿ ರಬ್ಬರ್ ಹೊದಿಕೆ, ಎರಡು ಕಿಲೋಮೀಟರ್ ಆಸುಪಾಸಿಗೊಂದು ಸಬ್‌ಸ್ಟೇಷನ್, ಹಳಿಯ ತೋಡಿನಲ್ಲಿ ನೀರು ನಿಲ್ಲದಂತೆ ಚರಂಡಿ. ಮರೆಯುವುದು ಕೊನೆಯದನ್ನು. ಕೆಸರು ತುಂಬಿದ ತೋಡು ರಬ್ಬರಿನ ಮೇಲೆ ಹಾಸಿದ ಸೇತುವೆಯಂತೆ ವಿದ್ಯುತ್ತನ್ನು ದಾಟಿಸಿಬಿಡುತ್ತದೆ.

ಕಟ್ಟಡಗಳಿಗೆ ಕಂಪನ ತಾಗುತ್ತದೆಯೆ? ಜರ್ಮನಿಯ ಡಿಐಎನ್ 4150 ಮಾನದಂಡ ಸೂಕ್ಷ್ಮ ಪಾರಂಪರಿಕ ಕಟ್ಟಡದ ಬುನಾದಿಗೆ, 10 ಹರ್ಟ್ಜ್‌ಗಿಂತ ಕಡಿಮೆ ಆವರ್ತನದಲ್ಲಿ, ಕಂಪನದ ವೇಗಕ್ಕೆ ಸೆಕೆಂಡಿಗೆ 3 ಮಿ.ಮೀ. ಮಿತಿ ಹೇಳುತ್ತದೆ. ಮನುಷ್ಯನ ಮೈಗೆ 0.3 ಮಿ.ಮೀ. ಆಸುಪಾಸಿನಲ್ಲೇ ಗೊತ್ತಾಗುತ್ತದೆ. ಹಾಗಾಗಿ ಗೋಡೆಗೆ ಹಾನಿಯಾಗುವುದಕ್ಕಿಂತ ಎಷ್ಟೋ ಮೊದಲು ದೂರು ಬರುತ್ತದೆ. ಹಳಿ ಕೂಡುವ, ದಾಟುವ ಜಾಗಗಳನ್ನು ಹಳೆಯ ಗೋಡೆಗಳಿಂದ ದೂರವಿಡಿ, ಚಕ್ರ ಬಡಿಯುವುದು ಅಲ್ಲೇ. ಬೇರೆ ದಾರಿಯಿಲ್ಲದಿದ್ದರೆ ಸ್ಲ್ಯಾಬಿನಡಿ ರಬ್ಬರ್ ಹಾಸು ಹಾಕಿ. ಅದಕ್ಕೆ ಇನ್ನಷ್ಟು ಆಳ ಬೇಕು, ಅಂದರೆ ಮತ್ತೆ ಕೊಳವೆಗಳ ಮಾತು. ಕೆಲಸಕ್ಕೆ ಮುನ್ನ ಪ್ರತಿ ಗೋಡೆಯ ಬಿರುಕಿನ ಫೋಟೊ, ಅಳತೆ ಪೂರ್ತಿ ಒಂದು ವರ್ಷ ದಾಖಲಿಸಬೇಕು. ಬಿಸಿಲು ಚಳಿಗೆ ಬಿರುಕು ತಾನಾಗಿ ತೆರೆದು ಮುಚ್ಚುತ್ತಿರುತ್ತದೆ. ಒಂದೇ ತಿಂಗಳ ಅಳತೆ ಇಟ್ಟುಕೊಂಡರೆ ಋತುವಿನ ಕೆಲಸದ ಹೊಣೆಯೂ ಟ್ರಾಮಿನ ತಲೆಗೇ ಬರುತ್ತದೆ.

ತಂತಿಯ ವಿಷಯದಲ್ಲಿ ಜನ ಹೆಚ್ಚು ಜಗಳವಾಡುತ್ತಾರೆ, ಅಷ್ಟು ಬೇಕಾಗಿಲ್ಲ. ಕಂಬದ ಬದಲು ಗೋಡೆಗೆ ಕೊಂಡಿ ಹಾಕಿ ತಂತಿ ತೂಗಿದರೆ ಕಣ್ಣಿಗೆ ಹಗುರ. ಆದರೆ 10 ಕಿಲೋನ್ಯೂಟನ್ (ಸುಮಾರು ಒಂದು ಟನ್ ಭಾರದಷ್ಟು) ಬಿಗಿತದ ತಂತಿ 10 ಡಿಗ್ರಿ ತಿರುಗುವಲ್ಲಿ ಗೋಡೆಯನ್ನು ಸುಮಾರು 175 ಕೆ.ಜಿ. ಭಾರದಷ್ಟು ಎಳೆಯುತ್ತದೆ. ಸುಣ್ಣದ ಗಾರೆಯ ಗೋಡೆಯಲ್ಲಿ ಕೊಂಡಿಯನ್ನು ಎಳೆದು ಪರೀಕ್ಷಿಸಿಯೇ ಒಪ್ಪಬೇಕು. ತಂತಿಯೇ ಬೇಡವೆಂದರೆ ಫ್ರಾನ್ಸಿನ ಬೋರ್ಡೊ ಮಾದರಿ ಇದೆ. 2003ರಿಂದ ಅಲ್ಲಿ ಹಳಿಗಳ ನಡುವಿನ ಮೂರನೇ ಹಳಿಯಿಂದ ವಿದ್ಯುತ್ ಬರುತ್ತದೆ. 8 ಮೀಟರ್ ಲೋಹ, 3 ಮೀಟರ್ ನಿರೋಧಕ, ಟ್ರಾಮ್ ಮೇಲೆ ನಿಂತ ತುಂಡಿಗೆ ಮಾತ್ರ ಜೀವ. ಮೊದಲ ದಿನಗಳಲ್ಲಿ ಅದು ಪದೇ ಪದೇ ಕೈಕೊಟ್ಟಿತು, ಮಳೆನೀರು ಬೇಗ ಹರಿದುಹೋಗದ ಜಾಗಗಳಲ್ಲಿ ವಿಶೇಷವಾಗಿ. ಸರಿಹೋದ ಮೇಲೆ ಬೇರೆ ಊರುಗಳೂ ಕೊಂಡವು. ನೀಸ್ 2007ರಲ್ಲಿ ಬ್ಯಾಟರಿಯ ಮೇಲೆ ಎರಡು ಚೌಕಗಳನ್ನು ದಾಟಿಸಿತು, ಸ್ಪೇನಿನ ಸೆವಿಲ್ ತನ್ನ ಕ್ಯಾಥೆಡ್ರಲ್ ಮುಂದಿನ ತಂತಿಯನ್ನು ತೆಗೆದೇ ಹಾಕಿತು.

ಬ್ಯಾಟರಿಯ ಲೆಕ್ಕದಲ್ಲಿ ತಪ್ಪುವುದು ಓಡುವಾಗಿನ ಖರ್ಚಲ್ಲ, ನಿಂತಾಗಿನ ಖರ್ಚು. ಅರ್ಧ ಕಿಲೋಮೀಟರ್ ಓಡಲು 2 ಯೂನಿಟ್ ಸಾಕು. ಏಸಿ, ದೀಪ, ಕಂಪ್ರೆಸರ್ ಸೇರಿ 50 ಕಿಲೋವ್ಯಾಟ್ ಎಳೆಯುವ ಗಾಡಿ ಬೇಸಿಗೆಯಲ್ಲಿ ಹತ್ತು ನಿಮಿಷ ಸಿಕ್ಕಿಹಾಕಿಕೊಂಡರೆ 8 ಯೂನಿಟ್ ಮುಗಿಯುತ್ತದೆ. ಡೆಲಿವರಿ ವ್ಯಾನೊಂದು ಹಳಿಗೆ ಅಡ್ಡ ನಿಂತರೆ ಸಾಕು, ಹತ್ತು ನಿಮಿಷ ಏನೂ ಹೆಚ್ಚಲ್ಲ.

ವ್ಯಾನಿನ ಮಾತು ಬಂದದ್ದರಿಂದ ಹೇಳುತ್ತೇನೆ, ಬೀದಿಯನ್ನು ಯಾರು ಬಿಟ್ಟುಕೊಡುತ್ತಾರೆ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಟ್ರಾಮ್ ಕೊಳ್ಳುವುದು ಹುಚ್ಚುತನ. 10 ಕಿ.ಮೀ. ಮಾರ್ಗ, ಆರು ನಿಮಿಷಕ್ಕೊಂದು ಗಾಡಿ, ತುದಿಗಳಲ್ಲಿ ತಲಾ ಆರು ನಿಮಿಷ ವಿರಾಮ ಎಂದುಕೊಳ್ಳಿ. ಪ್ರತ್ಯೇಕ ಪಥ, ಸಿಗ್ನಲ್ ಆದ್ಯತೆ ಇದ್ದು ಸರಾಸರಿ 18 ಕಿ.ಮೀ. ವೇಗ ಸಿಕ್ಕರೆ ಒಂದು ಸುತ್ತಿಗೆ 79 ನಿಮಿಷ, 14 ಗಾಡಿ ಬೇಕು. ಕಾರುಗಳ ನಡುವೆ ತೆವಳಿ 14 ಕಿ.ಮೀ.ಗೆ ಇಳಿದರೆ 98 ನಿಮಿಷ, 17 ಗಾಡಿ. ಅದೇ ಸೇವೆಗೆ ಮೂರು ಟ್ರಾಮ್, ಅವುಗಳ ಚಾಲಕರು, ಡಿಪೊದಲ್ಲಿ ಅವುಗಳ ಜಾಗ ಹೆಚ್ಚುವರಿ. ಪ್ರಯಾಣಿಕನಿಗೆ ಸಿಕ್ಕಿದ್ದು ಮಾತ್ರ ನಿಧಾನ. ಸೈಕಲ್ಲಿನವರನ್ನೂ ಇದೇ ಹಂತದಲ್ಲಿ ಚಿತ್ರಕ್ಕೆ ತನ್ನಿ. ತೋಡಿನ ಅಗಲ ಸುಮಾರು 4 ಸೆಂ.ಮೀ., ಸೈಕಲ್ ಚಕ್ರ ಅದಕ್ಕಿಂತ ಸಣ್ಣದು. ಹಳಿಗೆ 60 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಓರೆಯಾಗಿ ದಾಟಿಸಿದರೆ ಬೀಳುವ ಅಪಾಯವಿದೆ, ಮಳೆಯಲ್ಲಿ ಇನ್ನೂ ಹೆಚ್ಚು.

ಅಡ್ಡದಾರಿ ಹುಡುಕುವವರಿಗೆ ಫ್ರಾನ್ಸಿನ ನಾನ್ಸಿ, ಕಾನ್ ನಗರಗಳು ಪಾಠ. ರಬ್ಬರ್ ಚಕ್ರದ, ನಡುವೆ ಒಂದೇ ಮಾರ್ಗದರ್ಶಿ ಹಳಿಯ ‘ಟ್ರಾಮ್’ ಅಗ್ಗವೆಂದು ತಂದರು. ಬೇರೆ ಯಾರೂ ಆ ಗಾಡಿ ಮಾಡುವುದಿಲ್ಲ, ಬಿಡಿಭಾಗ ಸಿಗುವುದಿಲ್ಲ. ಕಾನ್ 2017ರಲ್ಲಿ ಅದನ್ನು ನಿಲ್ಲಿಸಿ 2019ರಲ್ಲಿ ನಿಜವಾದ ಟ್ರಾಮ್ ಹಾಕಿತು. ನಾನ್ಸಿ 2023ರಲ್ಲಿ ಕೈಬಿಟ್ಟು ಟ್ರಾಲಿಬಸ್ಸಿಗೆ ಹೊರಳಿತು. ಒಬ್ಬನೇ ತಯಾರಕನ ವ್ಯವಸ್ಥೆಯನ್ನು 30 ವರ್ಷಕ್ಕೆ ಕಟ್ಟಿಕೊಳ್ಳಬೇಡಿ.

ಎಲ್ಲ ಅಳೆದ ಮೇಲೆ ಬಹಳ ನಗರಗಳಿಗೆ ಬರುವ ಉತ್ತರ ‘ಈಗ ಬೇಡ’. ಅದೂ ಒಂದು ಕೆಲಸವನ್ನು ಒಪ್ಪಿಸುತ್ತದೆ. ಗುರುತಿಸಿದ ಮಾರ್ಗದಲ್ಲಿ ಬಸ್ಸಿಗೆ ಪ್ರತ್ಯೇಕ ಪಥ ಕೊಡಿ, ತಿರುವುಗಳನ್ನು 25 ಮೀಟರ್ ತ್ರಿಜ್ಯಕ್ಕೇ ಬಿಡಿಸಿಡಿ, ಮೂಲೆಯ ನಿವೇಶನ ಮಾರಾಟಕ್ಕೆ ಬಂದರೆ ಬಿಡಬೇಡಿ. ಹಳಿ ಬರಬಹುದಾದ ಆ 6.5 ಮೀಟರ್ ಪಟ್ಟಿಯನ್ನು ನಕ್ಷೆಯಲ್ಲಿ ಗೆರೆ ಎಳೆದು ಕಾಯ್ದಿರಿಸಿ. ಅಲ್ಲಿ ಹಳೆಯ ನೀರಿನ ಕೊಳವೆ ಒಡೆದಾಗ ಬದಲಿ ಕೊಳವೆಯನ್ನು ಅದೇ ಜಾಗದಲ್ಲಿ ಹೂಳಲು ಅನುಮತಿ ಕೊಡದೆ, ಪಕ್ಕಕ್ಕೆ ಹಾಕಿಸಿ.